ಉಸಿರಿನ ದಾರಿಯ ಜೀವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಚಿಕ್ಕಬಳ್ಳಾಪುರ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳು,
ಚಿಕ್ಕಬಳ್ಳಾಪುರ ಜಿಲ್ಲೆ

ವಿಷಯ: ಚೀಟಿ ಇಲ್ಲದೆ ಮಾರುವ ಆಂಟಿಬಯಾಟಿಕ್ ಮತ್ತು ಕ್ರಷರ್ ಧೂಳಿನ ಬಗ್ಗೆ

ಮಾನ್ಯರೇ,

ನಾನು ಈ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಔಷಧಿ ಅಂಗಡಿ ನಡೆಸುತ್ತೇನೆ. ಊರಿನ ಒಂದು ಕಡೆ ದ್ರಾಕ್ಷಿ ತೋಟ, ಹಿಪ್ಪುನೇರಳೆ. ಇನ್ನೊಂದು ಕಡೆ ಕಲ್ಲು ಕ್ವಾರಿ, ಕ್ರಷರ್. ಅಂಗಡಿಗೆ ಕೆಮ್ಮು, ದಮ್ಮು, ನೆಗಡಿ ಅಂತ ಬರುವವರೇ ಜಾಸ್ತಿ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇದರಲ್ಲಿ ಅರ್ಧ ಕೆಲಸ ನಿಮ್ಮ ಕೈಯಲ್ಲಿದೆ, ಇನ್ನರ್ಧ ಜನರ ಕೈಯಲ್ಲಿದೆ. ಇಬ್ಬರೂ ಓದಲಿ ಅಂತ ನನ್ನ ಆಸೆ.

ನಾನು ಕೇಳುತ್ತಿರುವುದು ಇಷ್ಟು. ವೈದ್ಯರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರುವುದನ್ನು ಜಿಲ್ಲೆಯಲ್ಲಿ ನಿಲ್ಲಿಸಿ. ಕ್ರಷರ್ ಧೂಳನ್ನು ಬರೀ ಗಣಿ ಇಲಾಖೆಯ ವಿಷಯವಾಗಿ ನೋಡದೆ ಆರೋಗ್ಯದ ವಿಷಯವಾಗಿ ನೋಡಿ. ಇವು ಬೇರೆ ಬೇರೆ ಫೈಲು, ಬೇರೆ ಬೇರೆ ಇಲಾಖೆ ಅಂತ ಕಾಣಬಹುದು. ಆದರೆ ಎರಡರ ಪೆಟ್ಟೂ ಬೀಳುವುದು ಒಂದೇ ಜಾಗಕ್ಕೆ. ನಮ್ಮ ಮೂಗಿನಿಂದ ಹಿಡಿದು ಶ್ವಾಸಕೋಶದ ತಳದವರೆಗೆ ಸೂಕ್ಷ್ಮಜೀವಿಗಳು ನಮ್ಮ ಜೊತೆಗೇ ಬದುಕುತ್ತವೆ. ಅವುಗಳಲ್ಲಿ ಬಹಳಷ್ಟು ನಮಗೆ ತೊಂದರೆ ಕೊಡುವುದಿಲ್ಲ, ಕೆಲವು ನಮ್ಮನ್ನು ಕಾಯುತ್ತವೆ. ಬೇಡದ ಮಾತ್ರೆ ಈ ಜೀವಿಗಳನ್ನೇ ಕೊಲ್ಲುತ್ತದೆ. ಧೂಳು ಅವು ಇರುವ ಜಾಗವನ್ನೇ ಕೆಡಿಸುತ್ತದೆ.

ಇದು ಹೊಸ ತಿಳಿವಳಿಕೆ. ನಾವು ಓದುವಾಗ ಆರೋಗ್ಯವಂತರ ಶ್ವಾಸಕೋಶದಲ್ಲಿ ಒಂದು ಬ್ಯಾಕ್ಟೀರಿಯಾವೂ ಇರುವುದಿಲ್ಲ ಅಂತಲೇ ಹೇಳಿಕೊಟ್ಟಿದ್ದರು. ಅಮೆರಿಕ ಸರ್ಕಾರ 2007ರಲ್ಲಿ ಮನುಷ್ಯನ ದೇಹದ ಸೂಕ್ಷ್ಮಜೀವಿಗಳನ್ನೆಲ್ಲ ಗುರುತಿಸುವ ದೊಡ್ಡ ಯೋಜನೆ ಶುರು ಮಾಡಿತು. ಮೂಗು, ಬಾಯಿ, ಚರ್ಮ, ಕರುಳು ಎಲ್ಲ ಅದರಲ್ಲಿತ್ತು. ಶ್ವಾಸಕೋಶವನ್ನು ಮೊದಲಿಗೆ ಸೇರಿಸಿರಲೇ ಇಲ್ಲ. ಅಲ್ಲಿ ಏನೂ ಇಲ್ಲ ಅನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. 2010ರಲ್ಲಿ ಲಂಡನ್ನಿನ ಸಂಶೋಧಕರು ಶ್ವಾಸನಾಳದ ಒಳಗಿಂದ ಮಾದರಿ ತೆಗೆದು, ಅದರಲ್ಲಿದ್ದ ಡಿಎನ್‌ಎ ಓದಿ ನೋಡಿದರು. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಲು ಬಾರದ ಬ್ಯಾಕ್ಟೀರಿಯಾಗಳನ್ನೂ ಈ ವಿಧಾನದಲ್ಲಿ ಹಿಡಿಯಬಹುದು. ಆರೋಗ್ಯವಂತರ ಶ್ವಾಸನಾಳದಲ್ಲೂ ಬ್ಯಾಕ್ಟೀರಿಯಾಗಳು ಸಿಕ್ಕವು. ಇನ್ನೂ ಒಂದು ವಿಷಯ ಸಿಕ್ಕಿತು. ಆರೋಗ್ಯವಂತರಲ್ಲಿ ಪ್ರಿವೊಟೆಲ್ಲಾ ಜಾತಿಯವು ಜಾಸ್ತಿ ಇದ್ದವು. ಆಸ್ತಮಾ ಮತ್ತು ಸಿಒಪಿಡಿ (ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಕಾಯಿಲೆ) ಇದ್ದವರಲ್ಲಿ ಹಿಮೋಫಿಲಸ್ ಜಾತಿಯವು ಜಾಸ್ತಿ ಇದ್ದವು. ಕಾಯಿಲೆ ಇರುವವರ ಒಳಗಿನ ವಾಸಿಗಳೇ ಬೇರೆ.

ಇವು ಒಳಗೆ ಹೋಗುವುದು ಹೆಚ್ಚಾಗಿ ನಮ್ಮ ಬಾಯಿಂದಲೇ. ನಿದ್ದೆಯಲ್ಲಿ ಎಲ್ಲರಿಗೂ ಒಂದಿಷ್ಟು ಎಂಜಲು ಉಸಿರಿನ ಜೊತೆ ಕೆಳಗೆ ಇಳಿಯುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಒಳಗೆ ಹೋದದ್ದನ್ನು ಹೊರಗೆ ತಳ್ಳುವ ವ್ಯವಸ್ಥೆಯೂ ಇದೆ. ಶ್ವಾಸನಾಳದ ಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಸೆಕೆಂಡಿಗೆ ಹತ್ತಕ್ಕಿಂತ ಹೆಚ್ಚು ಸಲ ಬಡಿಯುತ್ತಾ, ಕಫದ ತೆಳು ಪದರವನ್ನು ಗಂಟಲಿನ ಕಡೆಗೆ ದೂಡುತ್ತಲೇ ಇರುತ್ತವೆ. ಕೆಮ್ಮು ಉಳಿದದ್ದನ್ನು ಹೊರಗೆ ಹಾಕುತ್ತದೆ. ತೀರಾ ಕೆಳಗೆ, ಗಾಳಿಚೀಲಗಳಲ್ಲಿ, ಸಿಕ್ಕಿದ್ದನ್ನು ನುಂಗಿ ಹಾಕುವ ಕಾವಲು ಜೀವಕೋಶಗಳಿವೆ. ಬರುವುದು ಮತ್ತು ಹೋಗುವುದು ಸರಿಸಮ ಇರುವ ತನಕ ಶ್ವಾಸಕೋಶ ಚೆನ್ನಾಗಿರುತ್ತದೆ. ಹೊರಗೆ ಹೋಗುವ ದಾರಿ ಕೆಟ್ಟರೆ, ಒಳಗೆ ಬಂದವು ಅಲ್ಲೇ ಬೀಡುಬಿಟ್ಟು ಬೆಳೆಯುತ್ತವೆ.

ಮೂಗಿನ ವಿಷಯ ಇನ್ನೂ ಚೆನ್ನಾಗಿದೆ. ಹೆಚ್ಚುಕಡಿಮೆ ನೂರಕ್ಕೆ 30 ಜನರ ಮೂಗಿನಲ್ಲಿ ಸ್ಟೆಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಗಾಯದೊಳಗೋ ರಕ್ತದೊಳಗೋ ಹೊಕ್ಕರೆ ಅದು ಅಪಾಯ. ಹಾಗಾದರೆ ಉಳಿದ 70 ಜನರ ಮೂಗಿನಲ್ಲಿ ಅದು ಯಾಕೆ ನೆಲೆಸುವುದಿಲ್ಲ? ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದಕ್ಕೆ ಒಂದು ಉತ್ತರ ಕೊಟ್ಟರು. ಮೂಗಿನಲ್ಲೇ ಇರುವ ಇನ್ನೊಂದು ಬ್ಯಾಕ್ಟೀರಿಯಾ, ಸ್ಟೆಫೈಲೊಕಾಕಸ್ ಲಗ್ಡುನೆನ್ಸಿಸ್, ತಾನೇ ಒಂದು ಆಂಟಿಬಯಾಟಿಕ್ ತಯಾರಿಸಿ ಆರಿಯಸ್ ಅನ್ನು ಕೊಲ್ಲುತ್ತದೆ. ಅದಕ್ಕೆ ಲಗ್ಡುನಿನ್ ಅಂತ ಹೆಸರಿಟ್ಟರು. ಕಂಪನಿಗಳು ಹುಡುಕುವ ಔಷಧಿ ಕೆಲವರ ಮೂಗಿನಲ್ಲೇ ತಯಾರಾಗುತ್ತಿದೆ ಅಂದರೆ ನಾವು ಯೋಚಿಸಬೇಕಲ್ವಾ?

ರೈತರಿಗೆ ಇದನ್ನು ವಿವರಿಸುವುದು ಕಷ್ಟ ಅಲ್ಲ. ರಾಗಿ ಪೈರು ಒತ್ತಾಗಿ ನಿಂತ ಹೊಲದಲ್ಲಿ ಕಾಂಗ್ರೆಸ್ ಗಿಡಕ್ಕೆ ಜಾಗ ಸಿಗುವುದಿಲ್ಲ. ಹೊಲ ಬೋಳಾಗಿ ಬಿದ್ದರೆ ಮೊದಲು ಬರುವುದು ಅದೇ. ಮೂಗು, ಗಂಟಲಲ್ಲೂ ಹೀಗೇ ಆಗುತ್ತದೆ.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. "ಅಣ್ಣಾ, ಮೂಗು ಸೋರುತ್ತೆ, ಅಜಿತ್ರೋ ಕೊಡಿ. ಮೂರು ಮಾತ್ರೆದು." ದಿನಾ ಕೇಳುವ ಮಾತು ಇದು. ಅಜಿತ್ರೋ ಅಂದರೆ ಅಜಿತ್ರೋಮೈಸಿನ್, ಒಂದು ಆಂಟಿಬಯಾಟಿಕ್. ಮಗುವಿಗೆ ನೆಗಡಿ ಅಂತ ಬರುವ ತಾಯಿ ಹೋದ ಸಲದ ಅಮಾಕ್ಸಿಸಿಲಿನ್ ಬಾಟಲಿಯನ್ನೇ ತೋರಿಸುತ್ತಾಳೆ, ಇದೇ ಕೊಡಿ ಅಂತ. ನೆಗಡಿ ಬಹುಪಾಲು ವೈರಸ್ಸಿನಿಂದ ಬರುತ್ತದೆ. ಗಂಟಲು ನೋವಿನಲ್ಲೂ ಹೆಚ್ಚಿನದು ವೈರಸ್ಸೇ. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ನೆಗಡಿ ಒಂದು ವಾರ, ಹತ್ತು ದಿನದಲ್ಲಿ ತಾನಾಗೇ ಹೋಗುತ್ತದೆ. ಹೋದಾಗ ಮಾತ್ರೆಯಿಂದ ಹೋಯಿತು ಅನ್ನಿಸುತ್ತದೆ. ಮುಂದಿನ ಸಲ ಮತ್ತೆ ಅದೇ ಮಾತ್ರೆ. ಆ ಮಾತ್ರೆ ಒಳಗೆ ಹೋಗಿ ಮಾಡಿದ್ದಾದರೂ ಏನು? ವೈರಸ್ಸನ್ನು ಮುಟ್ಟಲಿಲ್ಲ. ಮೂಗು, ಗಂಟಲು, ಕರುಳಿನಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳನ್ನು ಕೊಂದಿತು. ಮಾತ್ರೆಗೆ ಜಗ್ಗದವು ಮಾತ್ರ ಉಳಿದುಕೊಂಡವು.

ಚಿಕ್ಕ ಮಕ್ಕಳ ವಿಷಯದಲ್ಲಿ ನನಗೆ ಜಾಸ್ತಿ ಆತಂಕ. ಡೆನ್ಮಾರ್ಕಿನಲ್ಲಿ ಹುಟ್ಟಿ ಒಂದು ತಿಂಗಳಾದ ಕೂಸುಗಳ ಗಂಟಲಿನಿಂದ ಮಾದರಿ ತೆಗೆದು, ಐದು ವರ್ಷದ ತನಕ ಅವುಗಳನ್ನು ಗಮನಿಸಿದರು. 2007ರಲ್ಲಿ ಫಲಿತಾಂಶ ಬಂತು. ಆಸ್ತಮಾ ಇರುವ ತಾಯಂದಿರ ಮಕ್ಕಳು ಅವು. ಒಂದು ತಿಂಗಳಲ್ಲೇ ಗಂಟಲಲ್ಲಿ ನ್ಯೂಮೊಕಾಕಸ್, ಹಿಮೋಫಿಲಸ್, ಮೊರಾಕ್ಸೆಲ್ಲಾ ಅನ್ನುವ ಬ್ಯಾಕ್ಟೀರಿಯಾಗಳಲ್ಲಿ ಯಾವುದಾದರೂ ನೆಲೆಸಿದ್ದ ಮಕ್ಕಳಲ್ಲಿ ನೂರಕ್ಕೆ 33 ಜನಕ್ಕೆ ಐದನೇ ವರ್ಷಕ್ಕೆ ಆಸ್ತಮಾ ಇತ್ತು. ಇಲ್ಲದವರಲ್ಲಿ ನೂರಕ್ಕೆ 10. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಲೆಕ್ಕ ಇನ್ನೊಂದು. 2000ದಿಂದ 2014ರ ಒಳಗೆ ಅಲ್ಲಿ ಒಂದು ವರ್ಷದೊಳಗಿನ ಕೂಸುಗಳಿಗೆ ಆಂಟಿಬಯಾಟಿಕ್ ಬರೆಯುವುದು ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ಅವಧಿಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಹೊಸದಾಗಿ ಆಸ್ತಮಾ ಬರುವುದು ನೂರಕ್ಕೆ 26ರಷ್ಟು ಕಡಿಮೆಯಾಯಿತು. ಈ ಎರಡನೇ ಅಧ್ಯಯನದಲ್ಲಿ ನೋಡಿದ್ದು ಕರುಳಿನ ಬ್ಯಾಕ್ಟೀರಿಯಾಗಳನ್ನು. ಕರುಳಿನಲ್ಲಿ ಆಗುವ ಬದಲಾವಣೆ ಶ್ವಾಸಕೋಶದ ರೋಗನಿರೋಧಕ ಶಕ್ತಿಗೂ ತಟ್ಟುತ್ತದೆ. ಮಾತ್ರೆ ಒಂದರಿಂದಲೇ ಆಸ್ತಮಾ ಬರುತ್ತದೆ ಅಂತ ಇವು ಸಾಬೀತು ಮಾಡಿಲ್ಲ, ನಾನೂ ಹಾಗೆ ಹೇಳುತ್ತಿಲ್ಲ. ಆದರೆ ನೆಗಡಿಗೆ ಕೆಲಸವನ್ನೇ ಮಾಡದ ಒಂದು ಔಷಧಿಯನ್ನು ಆರು ತಿಂಗಳ ಕೂಸಿಗೆ ಕುಡಿಸುವ ಮುಂಚೆ ಹತ್ತು ಸಲ ಯೋಚನೆ ಮಾಡಲು ಇಷ್ಟು ಸಾಕು.

ಒಂದು ಮಾತು ಇಲ್ಲೇ ಸ್ಪಷ್ಟ ಮಾಡಬೇಕು. ಇದನ್ನು ಓದಿದ ಯಾರೂ ವೈದ್ಯರು ಬರೆದ ಆಂಟಿಬಯಾಟಿಕ್ ಅನ್ನು ಅರ್ಧಕ್ಕೆ ನಿಲ್ಲಿಸಬಾರದು. ಬ್ಯಾಕ್ಟೀರಿಯಾದಿಂದ ಬಂದ ನ್ಯೂಮೋನಿಯಾಕ್ಕೆ ಅದೇ ಮದ್ದು. ತಡ ಮಾಡಿದರೆ ಮಗು ಉಳಿಯದೇ ಹೋಗಬಹುದು. ನೆಗಡಿ ಯಾವುದು, ನ್ಯೂಮೋನಿಯಾ ಯಾವುದು ಅಂತ ಮನೆಯಲ್ಲೇ ಅಂದಾಜು ಮಾಡುವ ಸುಲಭ ದಾರಿ ಇದೆ. ಮಗು ಅಳದೆ ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕಿಂತ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದ ತನಕ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷಕ್ಕೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು, ನ್ಯೂಮೋನಿಯಾ ಇರಬಹುದು ಅನ್ನುವ ಗುರುತು, ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಂಡಿ ಬೀಳುತ್ತಿದ್ದರೆ, ಮಗು ಹಾಲು ಬಿಟ್ಟರೆ, ಎಣಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಇದು ಆಶಾ ಕಾರ್ಯಕರ್ತೆಯರಿಗೆ ಗೊತ್ತಿರುವ ವಿದ್ಯೆ. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ 'ಸಾನ್ಸ್' ಅಭಿಯಾನ ಇದಕ್ಕೇ ಇರುವುದು. ಈ ಎಣಿಕೆ ಪ್ರತಿ ತಾಯಿಗೂ ಬರುವಂತಾದರೆ ಬೇಡದ ಬಾಟಲಿಯೂ ಕಡಿಮೆಯಾಗುತ್ತದೆ, ಬೇಕಾದ ಚಿಕಿತ್ಸೆಯೂ ಹೊತ್ತಿಗೆ ಸಿಗುತ್ತದೆ. ನ್ಯೂಮೊಕಾಕಸ್ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದ ಎಲ್ಲ ಕಡೆ ಸರ್ಕಾರದಿಂದಲೇ ಸಿಗುತ್ತಿದೆ. ಆರನೇ ವಾರ, ಹದಿನಾಲ್ಕನೇ ವಾರ, ಒಂಬತ್ತನೇ ತಿಂಗಳು. ಅದನ್ನು ತಪ್ಪಿಸಬೇಡಿ. ಗಂಟಲಲ್ಲಿ ಆ ಬ್ಯಾಕ್ಟೀರಿಯಾ ನೆಲೆಸುವುದನ್ನೇ ಅದು ಕಡಿಮೆ ಮಾಡುತ್ತದೆ.

ಕಾನೂನು ಇಲ್ಲ ಅಂತಲ್ಲ. ಅಜಿತ್ರೋಮೈಸಿನ್, ಅಮಾಕ್ಸಿಸಿಲಿನ್ ಎಲ್ಲ ಶೆಡ್ಯೂಲ್ ಎಚ್ ಔಷಧಿಗಳು. ಚೀಟಿ ಬೇಕೇ ಬೇಕು. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್ ತರಹದವು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1ರಲ್ಲಿವೆ. ಅವಕ್ಕೆ ಬೇರೆಯದೇ ರಿಜಿಸ್ಟರ್ ಇಡಬೇಕು. ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನು ಬರೆದು ಮೂರು ವರ್ಷ ಕಾಪಾಡಬೇಕು. ನನ್ನ ಅಂಗಡಿಯಲ್ಲಿ ಈ ರಿಜಿಸ್ಟರ್ ಇದೆ. ಚೀಟಿ ಇಲ್ಲದೆ ಕೊಡುವುದಿಲ್ಲ ಅಂದಾಗ ಗಿರಾಕಿ ಜಗಳ ಆಡುವುದಿಲ್ಲ, ಸುಮ್ನೆ ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಅಲ್ಲಿ ಸಿಗುತ್ತದೆ. ನಿಯಮ ಪಾಲಿಸುವವನಿಗೆ ವ್ಯಾಪಾರ ಹೋಗುತ್ತದೆ, ಪಾಲಿಸದವನಿಗೆ ಬರುತ್ತದೆ. ಅದಕ್ಕೇ ಇದನ್ನು ಒಬ್ಬೊಬ್ಬ ಅಂಗಡಿಯವನ ಒಳ್ಳೆತನಕ್ಕೆ ಬಿಡಬೇಡಿ ಅಂತ ಕೇಳುತ್ತಿರುವುದು. ಕೇರಳ 2024ರಲ್ಲಿ 'ಆಪರೇಷನ್ ಅಮೃತ್' ಅನ್ನುವ ಹೆಸರಲ್ಲಿ ಔಷಧಿ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ಶುರು ಮಾಡಿತು. ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಡುವುದಿಲ್ಲ ಅನ್ನುವ ಫಲಕ ಅಂಗಡಿ ಮುಂದೆ ಇರಬೇಕು ಅಂತ ಹೇಳಿತು. ಅಲ್ಲಿ ಆಗುವುದು ಚಿಂತಾಮಣಿಯಲ್ಲಿ, ಗೌರಿಬಿದನೂರಿನಲ್ಲಿ ಯಾಕೆ ಆಗಬಾರದು? ನಮ್ಮಲ್ಲಿ ಫಲಕ ಕನ್ನಡದಲ್ಲೂ ತೆಲುಗಿನಲ್ಲೂ ಇರಲಿ. ಬಾಗೇಪಲ್ಲಿ ಕಡೆಯ ಅಜ್ಜಿಯಂದಿರಿಗೂ ಅರ್ಥ ಆಗಲಿ.

ಲಿವೊಫ್ಲಾಕ್ಸಾಸಿನ್ ಹೆಸರು ತೆಗೆದದ್ದಕ್ಕೆ ಕಾರಣ ಇದೆ. ಅದು ಕ್ಷಯದ ಬ್ಯಾಕ್ಟೀರಿಯಾವನ್ನೂ ಸ್ವಲ್ಪ ಮಟ್ಟಿಗೆ ಹತ್ತಿಕ್ಕುತ್ತದೆ. ಕೆಮ್ಮು ಅಂತ ಯಾರಾದರೂ ಅದನ್ನು ಒಂದು ವಾರ ನುಂಗಿದರೆ ಕೆಮ್ಮು ಕಡಿಮೆಯಾದಂತೆ ಕಾಣುತ್ತದೆ. ಕಫ ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಒಳಗೆ ಕ್ಷಯ ಗಟ್ಟಿಯಾಗುತ್ತದೆ, ಮನೆಯವರಿಗೂ ಹರಡುತ್ತದೆ. ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದಾಗಿ ಬರ್ಲಿನ್ನಿನಲ್ಲಿ ಹೇಳಿದ್ದು 1882ರ ಮಾರ್ಚ್ 24ರಂದು. ಅಲ್ಲಿಂದ ಇಷ್ಟು ವರ್ಷದಲ್ಲಿ ಕಲಿತ ದೊಡ್ಡ ಪಾಠ ಅಂದರೆ, ಬ್ಯಾಕ್ಟೀರಿಯಾ ಒಳಗೆ ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುವುದಿಲ್ಲ. ಪ್ರಪಂಚದ ಕಾಲು ಭಾಗದಷ್ಟು ಜನರ ದೇಹಕ್ಕೆ ಕ್ಷಯದ ಸೋಂಕು ತಗುಲಿದೆ ಅನ್ನುವ ಅಂದಾಜಿದೆ. ಅವರಲ್ಲಿ ಜೀವನದಲ್ಲಿ ಯಾವತ್ತಾದರೂ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಜನ. ಉಳಿದವರ ಶ್ವಾಸಕೋಶ ಅದನ್ನು ಕಟ್ಟಿಹಾಕಿ ಇಟ್ಟಿರುತ್ತದೆ. ಆ ಕಟ್ಟು ಬಿಚ್ಚಿಸುವುದು ಸಕ್ಕರೆ ಕಾಯಿಲೆ, ಊಟದ ಕೊರತೆ, ಬೀಡಿ, ಎಚ್‌ಐವಿ. ಇದೇ ಸಾಲಿನಲ್ಲಿ ನಮ್ಮ ಜಿಲ್ಲೆಗೆ ತುಂಬಾ ಹತ್ತಿರದ ಇನ್ನೊಂದಿದೆ, ಕಲ್ಲಿನ ಧೂಳು.

2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತಾಗ ಇಡೀ ರಾಜ್ಯ ನಮ್ಮ ಜಿಲ್ಲೆಯ ಕ್ವಾರಿಗಳ ಕಡೆ ನೋಡಿತು. ಮಂತ್ರಿಗಳು ಬಂದರು, ತನಿಖೆ ಆಯಿತು. ಅದು ಆಗಲೇಬೇಕಿತ್ತು. ಆದರೆ ಸ್ಫೋಟಕ್ಕೆ ಸದ್ದು ಇರುತ್ತದೆ. ಧೂಳು ಹತ್ತು, ಇಪ್ಪತ್ತು ವರ್ಷ ತೆಗೆದುಕೊಂಡು ಕೊಲ್ಲುತ್ತದೆ. ಅದಕ್ಕೆ ಎಫ್‌ಐಆರ್ ಇಲ್ಲ.

ನಮ್ಮ ಕಡೆಯ ಕಲ್ಲು ಗ್ರಾನೈಟ್, ನೈಸ್ ಜಾತಿಯದು. ಇಂಥ ಕಲ್ಲಿನಲ್ಲಿ ಸುಮಾರು ಕಾಲು ಭಾಗವೋ ಅದಕ್ಕಿಂತ ಜಾಸ್ತಿಯೋ ಕ್ವಾರ್ಟ್ಜ್ ಇರುತ್ತದೆ, ಅಂದರೆ ಸಿಲಿಕಾ. ಜಲ್ಲಿ, ಎಂ-ಸ್ಯಾಂಡ್ ಮಾಡುವಾಗ ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲೇ ನಿಲ್ಲುತ್ತದೆ. ಕಣ್ಣಿಗೆ ಕಾಣದ, ನಾಲ್ಕೈದು ಮೈಕ್ರಾನಿಗಿಂತ ಸಣ್ಣ ಕಣ ಗಾಳಿಚೀಲದ ತನಕ ಇಳಿಯುತ್ತದೆ. ಆಗಲೇ ಹೇಳಿದ ಕಾವಲು ಜೀವಕೋಶ ಅದನ್ನು ನುಂಗುತ್ತದೆ. ಬ್ಯಾಕ್ಟೀರಿಯಾ ಆದರೆ ಕರಗಿಸಿಬಿಡುತ್ತಿತ್ತು. ಕಲ್ಲು ಕರಗುವುದಿಲ್ಲ. ಆ ಜೀವಕೋಶವೇ ಸಾಯುತ್ತದೆ. ಕಣ ಹೊರಗೆ ಬಿದ್ದು ಮುಂದಿನ ಕಾವಲುಗಾರನನ್ನು ಕೊಲ್ಲುತ್ತದೆ. ಶ್ವಾಸಕೋಶ ಗಂಟು ಗಂಟಾಗಿ ಗಟ್ಟಿಯಾಗುತ್ತದೆ. ಇದು ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ನನ್ನ ಅಂಗಡಿಯಲ್ಲಿ ಇಲ್ಲ, ಎಲ್ಲಿಯೂ ಇಲ್ಲ. ಕಾವಲೇ ಸತ್ತ ಶ್ವಾಸಕೋಶದಲ್ಲಿ ಕ್ಷಯ ಸಲೀಸಾಗಿ ಬೆಳೆಯುತ್ತದೆ. ಅದಕ್ಕೇ ಸಿಲಿಕೋಸಿಸ್ ಇರುವವರಿಗೆ ಕ್ಷಯ ಬರುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಇದೆಲ್ಲ ನಮಗೆ ಹೊಸದಾಗಿ ಯಾರೂ ಹೇಳಬೇಕಿಲ್ಲ. 2007ರ ತನಕ ನಾವು ಕೋಲಾರ ಜಿಲ್ಲೆಯವರೇ. ಕೆಜಿಎಫ್ ಗಣಿಯ ಒಳಗೆ ಕಲ್ಲು ಕೊರೆದವರ ಎದೆಗೂಡು ಏನಾಯಿತು ಅನ್ನುವುದು ದೇಶಕ್ಕೇ ಗೊತ್ತು. 1940ರಲ್ಲೇ ಮೈಸೂರು ಸಂಸ್ಥಾನ ಸಿಲಿಕೋಸಿಸ್‌ಗೆ ಅಂತಲೇ ನಿಯಮ ಮಾಡಿತು. ಆ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ತಪಾಸಣೆ ಮಾಡಿದರು. ನೂರಕ್ಕೆ 40ಕ್ಕಿಂತ ಹೆಚ್ಚು ಜನರಲ್ಲಿ ಈ ಕಾಯಿಲೆ ಸಿಕ್ಕಿತು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಸೈನೈಡ್ ದಿಬ್ಬಗಳಿಂದ ಗಾಳಿ ಜೋರಾದಾಗ ಈಗಲೂ ಧೂಳು ಏಳುತ್ತದೆ. ಎಂಬತ್ತು ವರ್ಷದ ಹಿಂದೆ ನಮ್ಮ ನೆಲದಲ್ಲೇ ಲೆಕ್ಕ ಹಾಕಿದ ಕಾಯಿಲೆ ಅದು. ಇವತ್ತು ಕ್ರಷರಿನಲ್ಲಿ ದುಡಿಯುವ ಹುಡುಗರಲ್ಲಿ ಎಷ್ಟು ಜನಕ್ಕಿದೆ ಅಂತ ನಾವು ಎಣಿಸಬೇಡವೇ?

ಧೂಳೆಲ್ಲ ಒಂದೇ ಅಂತ ಮಾತ್ರ ತಿಳಿಯಬಾರದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹಾಲು ಕರೆಯುವ ನಮ್ಮ ಜಿಲ್ಲೆಗೆ ಇದು ನೇರವಾಗಿ ಸಂಬಂಧಪಟ್ಟದ್ದು. ಅಮೆರಿಕದಲ್ಲಿ ಆಮಿಷ್ ಮತ್ತು ಹಟ್ಟರೈಟ್ ಅಂತ ಎರಡು ರೈತ ಸಮುದಾಯಗಳಿವೆ. ಇಬ್ಬರ ಮೂಲವೂ ಮಧ್ಯ ಯುರೋಪಿನದು, ಊಟ ತಿಂಡಿಯೂ ಹೆಚ್ಚುಕಡಿಮೆ ಒಂದೇ ತರಹ. ಆಮಿಷ್ ಜನ ಮನೆ ಪಕ್ಕದಲ್ಲೇ ಹಸು ಕಟ್ಟಿಕೊಂಡು ಹಳೇ ಕಾಲದ ಬೇಸಾಯ ಮಾಡುತ್ತಾರೆ. ಮಕ್ಕಳು ಕೊಟ್ಟಿಗೆಯಲ್ಲೇ ಆಡುತ್ತವೆ. ಹಟ್ಟರೈಟರದು ಯಂತ್ರಗಳ ದೊಡ್ಡ ಫಾರ್ಮು, ಮನೆಯಿಂದ ದೂರ. ಆಮಿಷ್ ಶಾಲಾ ಮಕ್ಕಳಲ್ಲಿ ಆಸ್ತಮಾ ನೂರಕ್ಕೆ 5ರ ಹತ್ತಿರ, ಹಟ್ಟರೈಟ್ ಮಕ್ಕಳಲ್ಲಿ 21ರ ಹತ್ತಿರ. 2016ರಲ್ಲಿ ಸಂಶೋಧಕರು ಎರಡೂ ಕಡೆಯ ಮನೆಗಳ ಧೂಳನ್ನು ತಂದು ಇಲಿಗಳ ಮೂಗಿಗೆ ಹಾಕಿ ನೋಡಿದರು. ಆಮಿಷ್ ಮನೆಯ ಧೂಳು ಇಲಿಗಳನ್ನು ಆಸ್ತಮಾದಂಥ ತೊಂದರೆಯಿಂದ ಕಾಪಾಡಿತು. ಇನ್ನೊಂದು ಕಾಪಾಡಲಿಲ್ಲ. ಕೊಟ್ಟಿಗೆಯ ಧೂಳಿನಲ್ಲಿ ನೂರೆಂಟು ಬಗೆಯ ಸೂಕ್ಷ್ಮಜೀವಿಗಳ ಚೂರುಗಳಿವೆ. ಎಳೆ ವಯಸ್ಸಿನ ಶ್ವಾಸನಾಳ ಅವುಗಳಿಂದ ಪಾಠ ಕಲಿಯುತ್ತದೆ, ಕಂಡದ್ದಕ್ಕೆಲ್ಲ ಕೆರಳಬಾರದು ಅಂತ.

ಹಾಗಂತ ಕೊಟ್ಟಿಗೆಯೆಲ್ಲ ಅಮೃತ ಅಂತಲ್ಲ. ಬೂಷ್ಟು ಹಿಡಿದ ಹುಲ್ಲನ್ನು ಝಾಡಿಸುವವರಿಗೆ ಅದೇ ಧೂಳಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಂದ ಶ್ವಾಸಕೋಶದ ಉರಿಯೂತ ಬರಬಹುದು. ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಹಬೆ, ಹೊಗೆ, ರೇಷ್ಮೆಯ ಪ್ರೋಟೀನು ಎಲ್ಲ ಒಟ್ಟಿಗೆ ಮೂಗಿಗೆ ಹೋಗಿ ದಮ್ಮು ಬರುವುದು ಅಲ್ಲಿನವರಿಗೆಲ್ಲ ಗೊತ್ತು. ನಾನು ಹೇಳುವುದು ಇಷ್ಟೇ. ಹಸು, ಮಣ್ಣು, ಗಿಡದ ಜೊತೆ ಬೆಳೆಯುವ ಹಳ್ಳಿ ಮಗುವಿಗೆ ಹುಟ್ಟಿನಿಂದಲೇ ಒಂದು ಒಳ್ಳೆಯ ಬಂಡವಾಳ ಸಿಗುವ ಸಾಧ್ಯತೆ ಇತ್ತು. ಅದನ್ನು ಸಿಲಿಕಾ ಧೂಳು, ಅಡುಗೆ ಮನೆಯ ಹೊಗೆ, ಬೇಡದ ಆಂಟಿಬಯಾಟಿಕ್ ಸೇರಿ ತಿಂದುಹಾಕುತ್ತಿವೆ.

ಹೊಗೆಯ ಬಗ್ಗೆ ನಮ್ಮ ರಾಜ್ಯದಲ್ಲೇ ಆದ ಒಳ್ಳೆಯ ಕೆಲಸ ಇದೆ. ಮೈಸೂರು ಜಿಲ್ಲೆಯ ಹಳ್ಳಿ ಹೆಂಗಸರನ್ನು ಪರೀಕ್ಷಿಸಿದ ವೈದ್ಯರು ಒಂದು ಸುಲಭದ ಲೆಕ್ಕ ಬಳಸಿದರು. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ, ಅದನ್ನು ಎಷ್ಟು ವರ್ಷದಿಂದ ಅನ್ನುವುದರಿಂದ ಗುಣಿಸಬೇಕು. ಆ ಸಂಖ್ಯೆ 60 ದಾಟಿದರೆ ದೀರ್ಘಕಾಲದ ಕಫ, ಕೆಮ್ಮಿನ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ. ನಮ್ಮ ಅಮ್ಮಂದಿರಲ್ಲಿ 60 ದಾಟದವರು ಯಾರಿದ್ದಾರೆ? ಬೀಡಿ, ಸಿಗರೇಟು ಮುಟ್ಟದ ಹೆಂಗಸಿಗೆ ಸಿಒಪಿಡಿ ಹೇಗೆ ಬಂತು ಅಂತ ಕೇಳುವವರಿಗೆ ಇದೇ ಉತ್ತರ. ಹೊಗೆ ಶ್ವಾಸನಾಳದ ಆ ಸಣ್ಣ ಕೂದಲುಗಳನ್ನು ಸುಸ್ತು ಮಾಡುತ್ತದೆ. ಕಫ ಮೇಲೆ ಬರುವುದಿಲ್ಲ. ಹಿಮೋಫಿಲಸ್ ತರಹದವು ಒಳಗೇ ಉಳಿದು, ಚಳಿಗಾಲ ಬಂದಾಗಲೆಲ್ಲ ಕಾಯಿಲೆ ಕೆರಳುತ್ತದೆ. ಭಾರತದಲ್ಲಿ ಸಾವಿಗೆ ಕಾರಣವಾಗುವ ಕಾಯಿಲೆಗಳಲ್ಲಿ ಸಿಒಪಿಡಿ, ಹೃದಯದ ಕಾಯಿಲೆ ಬಿಟ್ಟರೆ ಮುಂದಿನ ಸ್ಥಾನದಲ್ಲಿದೆ.

ಇವರಿಗೆ ಬೇಕಾದದ್ದು ಇನ್‌ಹೇಲರ್. ಆದರೆ "ಪಫ್ ಅಭ್ಯಾಸ ಆಗಿಬಿಡುತ್ತೆ, ಮಾತ್ರೆನೇ ಕೊಡಿ" ಅನ್ನುತ್ತಾರೆ. ಅಭ್ಯಾಸ ಆಗುವುದಿಲ್ಲ. ಮಾತ್ರೆ ಮೈಗೆಲ್ಲ ಹೋಗುತ್ತದೆ, ಇನ್‌ಹೇಲರಿನ ಔಷಧಿ ಕಡಿಮೆ ಪ್ರಮಾಣದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಮೊದಲೇ ಇರುವ ಕ್ಯಾಂಡಿಡಾ ಅನ್ನುವ ಶಿಲೀಂಧ್ರ ಬೆಳೆದು ಬಿಳಿ ಪದರ ಕಟ್ಟುತ್ತದೆ. ಇದನ್ನು ನಾನು ಪ್ರತಿಯೊಬ್ಬರಿಗೂ ಹೇಳಿಯೇ ಕಳಿಸುತ್ತೇನೆ. ಬುಡೆಸೊನೈಡ್, ಸಾಲ್ಬುಟಮಾಲ್ ಇನ್‌ಹೇಲರ್‌ಗಳು ದೇಶದ ಅಗತ್ಯ ಔಷಧಿ ಪಟ್ಟಿಯಲ್ಲಿವೆ. ಅವು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವರ್ಷ ಪೂರ್ತಿ, ಬಿಟ್ಟಿಯಾಗಿ ಸಿಗಬೇಕು. ನನ್ನ ಅಂಗಡಿಯಲ್ಲಿ ಒಂದು ಇನ್‌ಹೇಲರ್ ಕಡಿಮೆ ಮಾರಾಟವಾದರೂ ಚಿಂತೆ ಇಲ್ಲ. ದಿನಗೂಲಿಯವರು ಬೆಲೆ ಕೇಳಿ ವಾಪಸ್ ಹೋಗುವುದನ್ನು ನೋಡಲಾಗುವುದಿಲ್ಲ.

ಮಾನ್ಯ ಜಿಲ್ಲಾಧಿಕಾರಿಗಳೇ, ಕ್ರಷರ್‌ಗಳ ಕಾಯ್ದೆ ಪ್ರಕಾರ ಜಿಲ್ಲಾ ಮಟ್ಟದ ಲೈಸೆನ್ಸ್ ಮತ್ತು ನಿಯಂತ್ರಣ ಪ್ರಾಧಿಕಾರಕ್ಕೆ ನೀವೇ ಅಧ್ಯಕ್ಷರು. ಪರಿಸರ ಸಂರಕ್ಷಣಾ ನಿಯಮದಲ್ಲಿ ಕ್ರಷರ್‌ಗೆ ಏನೇನು ಬೇಕು ಅಂತ ಆಗಲೇ ಬರೆದಿದೆ. ಧೂಳು ತಡೆಯುವ ಮುಚ್ಚಳ, ನೀರು ಸಿಂಪಡಿಸುವ ವ್ಯವಸ್ಥೆ, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ಸುತ್ತ ಮರಗಳು. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದರೆ ಧೂಳು ಒಂದು ಘನ ಮೀಟರ್ ಗಾಳಿಗೆ 600 ಮೈಕ್ರೊಗ್ರಾಂ ದಾಟಬಾರದು. ನನ್ನ ಕೋರಿಕೆ, ಯಂತ್ರದ ಪಕ್ಕ ಅಳೆದರೆ ಸಾಲದು. ಹತ್ತಿರದ ಶಾಲೆ, ಅಂಗನವಾಡಿಯ ಅಂಗಳದಲ್ಲೂ ಅಳೆಯಿರಿ. ಬೇಸಿಗೆಯಲ್ಲಿ ಅಳೆಯಿರಿ, ಕ್ರಷರ್ ಓಡುತ್ತಿರುವ ಹೊತ್ತಿನಲ್ಲಿ ಅಳೆಯಿರಿ. ಬಂದ ಅಂಕಿಯನ್ನು ಗ್ರಾಮ ಪಂಚಾಯಿತಿ ಬೋರ್ಡಿನಲ್ಲಿ ಹಾಕಿ. ಟಾರ್ಪಾಲು ಹೊದಿಸದ ಟಿಪ್ಪರ್ ಶಾಲೆಯ ಮುಂದೆ ಹೋಗಬಾರದು.

ಮಾನ್ಯ ಆರೋಗ್ಯಾಧಿಕಾರಿಗಳೇ, ಕ್ರಷರ್ ಮತ್ತು ಕ್ವಾರಿಯಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಆಗಲಿ. ಹೊರ ರಾಜ್ಯದಿಂದ ಬಂದು ಶೆಡ್ಡಿನಲ್ಲಿ ಇರುವ ಹುಡುಗರನ್ನು ಬಿಡಬೇಡಿ. ಅವರ ಹೆಸರು ಯಾವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ಇರುವುದಿಲ್ಲ. ಕೆಮ್ಮು ಎರಡು ವಾರ ದಾಟಿದರೆ ಮಾತ್ರೆ ಬೇಡ, ಮೊದಲು ಕ್ಷಯ ಪತ್ತೆ ಮಾಡುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಕಫ ಪರೀಕ್ಷೆ. ಇದನ್ನು ಔಷಧಿ ಅಂಗಡಿಯವರಿಗೂ ಲಿಖಿತವಾಗಿ ತಿಳಿಸಿ. ಅಂಥವರನ್ನು ನಾವು ನೇರವಾಗಿ ಕಳಿಸಿಕೊಡಲು ಒಂದು ಚೀಟಿ ಪುಸ್ತಕ ಕೊಡಿ. ಕ್ಷಯ ಸಿಕ್ಕಿದವರಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2024ರ ನವೆಂಬರ್‌ನಿಂದ ತಿಂಗಳಿಗೆ 1000 ರೂಪಾಯಿ ಇದೆ. ಸಿಲಿಕೋಸಿಸ್ ಸಿಕ್ಕಿದವರಿಗೆ ರಾಜಸ್ಥಾನ ಸರ್ಕಾರ 2019ರ ನೀತಿಯಲ್ಲಿ ಕಾಯಿಲೆ ದೃಢಪಟ್ಟಾಗ 3 ಲಕ್ಷ, ಸತ್ತರೆ ಕುಟುಂಬಕ್ಕೆ 2 ಲಕ್ಷ ಇಟ್ಟಿದೆ. ಇಲ್ಲಿನ ಎಕ್ಸ್‌ರೇಗಳ ಲೆಕ್ಕ ಕೈಗೆ ಬಂದ ಮೇಲೆ ಅಂಥದ್ದೇ ನೆರವನ್ನು ನಮ್ಮ ಕಾರ್ಮಿಕರಿಗೂ ಕೊಡಿ ಅಂತ ನಿಮ್ಮ ಕಚೇರಿಯಿಂದಲೇ ಬೆಂಗಳೂರಿಗೆ ಬರೆಯಿರಿ. ಅಲ್ಲಿನ ಕಟ್ಟಡಗಳಿಗೆ ಹೋಗುವ ಜಲ್ಲಿಯಲ್ಲಿ ಇಲ್ಲಿನ ಕ್ವಾರಿಗಳದ್ದೂ ಪಾಲಿದೆ.

ಜಿಲ್ಲೆಯ ಔಷಧಿ ಅಂಗಡಿಯವರ ಸಭೆ ಕರೆದರೆ ನಾನು ಬರುತ್ತೇನೆ. ಎಚ್1 ರಿಜಿಸ್ಟರನ್ನು ಜೊತೆಗೇ ತರುತ್ತೇನೆ. ಉಳಿದವರಿಗೂ ತರಲು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಔಷಧಿ ಅಂಗಡಿಯವನು,
ಚಿಕ್ಕಬಳ್ಳಾಪುರ ಜಿಲ್ಲೆ